ಕ್ಯಾಮೆರಾ ನಿಲ್ಲುವ ಮುನ್ನ

ಲ್ಯಾಪ್‌ಟಾಪಿಗೆ ಸೀಟ್ ಬೆಲ್ಟ್ ಬಿಗಿದ ಮೇಲೆ ಶೆನ್ ಬೊವೆನ್‌ಗೆ ತನ್ನ ಬಗ್ಗೆ ತನಗೇ ನಾಚಿಕೆಯಾಯಿತು. ಹೆಣ್ಣು ನೋಡಲು ಹೊರಟ ಗಂಡಿನ ಹಾಗೆ ಅದು ಪಕ್ಕದ ಸೀಟಿನಲ್ಲಿ ನೆಟ್ಟಗೆ ಕೂತಿತ್ತು. ಅದರೊಳಗೆ ಇದ್ದದ್ದು ಎರಡು. ಒಂದು ಅವನ ಸಿನಿಮಾ. ಹದಿನೆಂಟು ವರ್ಷ ಟೆಕ್ಸಸ್ಸಿನಲ್ಲಿ ಕಂಡವರ ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೋ ಮಾಡಿದ ಮೇಲೆ, ಕೊನೆಗೂ ತನ್ನದು ಎಂದು ಹೇಳಿಕೊಳ್ಳುವಂಥ ಒಂದೇ ಒಂದು ಸಿನಿಮಾ. ನಾಳೆ ಮಧ್ಯಾಹ್ನ ಆಸ್ಟಿನ್‌ನ ಒಂದು ಸಣ್ಣ ಚಿತ್ರೋತ್ಸವದಲ್ಲಿ ಅದರ ಪ್ರದರ್ಶನ. ಇನ್ನೊಂದು, ಒಂದು ನಗು. ಕೆಲವೇ ಕ್ಷಣ ಇರುವ ಆ ನಗುವನ್ನು ಅವನು ಈ ವಾರವೆಲ್ಲ ಹ್ಯೂಸ್ಟನ್ನಿನ ತನ್ನ ಅಪಾರ್ಟ್‌ಮೆಂಟಿನಲ್ಲಿ ಕಿಟಕಿಯ ಪರದೆ ಎಳೆದುಕೊಂಡು ತಯಾರಿಸಿದ್ದ. ಕಳ್ಳನೋಟು ಅಚ್ಚು ಹಾಕುವವನಿಗೂ ಪರದೆ ಎಳೆಯಬೇಕೆನಿಸುತ್ತದೇನೋ ಎಂದು ಆಗಲೂ ಅನ್ನಿಸಿತ್ತು. ಈಗ ಹೆದ್ದಾರಿಯ ಎರಡೂ ಬದಿಯ ಒಣಹುಲ್ಲು ಬಿಸಿಲಿಗೆ ಬಿಳಿಚಿಕೊಂಡಿತ್ತು, ಗೆಳೆಯನ ಮಗಳು ಹಂಸಾಳ ಮನೆಯಿದ್ದ ರೌಂಡ್ ರಾಕ್ ಇನ್ನೂ ದೂರವಿತ್ತು. ಹಂಸಾ ಫೋನಿನಲ್ಲಿ ಆಡಿದ ಮಾತು ಕಾರಿನೊಳಗೇ ಕೂತಿದ್ದ ಮೂರನೆಯವರ ಹಾಗೆ ಮತ್ತೆ ಮತ್ತೆ ಕೇಳುತ್ತಿತ್ತು. "ನಮ್ಮಪ್ಪ ಹೆಣವಾಗಿ ಮಲಗಿರೋದನ್ನ ಜನ ಟಿಕೆಟ್ ತಗೊಂಡು ನೋಡೋದು ನಂಗೆ ಇಷ್ಟ ಇಲ್ಲ. ಆದ್ರೆ ಅಮ್ಮ ಹೇಳ್ತಾರೆ, ಕೊನೇಲಿ ಅಪ್ಪ ಕಣ್ಣು ಬಿಟ್ಟು ನಕ್ಕಿದ್ರಂತೆ, ಅದೂ ರೆಕಾರ್ಡ್ ಆಗಿದ್ಯಂತೆ. ಇದ್ರೆ ತಗೊಂಡು ಬನ್ನಿ. ಅದನ್ನ ನೋಡಿದ ಮೇಲೆ ಹೇಳ್ತೀನಿ. ಇಲ್ಲಾಂದ್ರೆ ಆ ಶಾಟ್ ತೆಗೆದುಬಿಡಿ." ಇದೆ, ತರುತ್ತೇನೆ ಎಂದಿದ್ದ ಶೆನ್. ಆ ನಗು ಎಲ್ಲೂ ಇರಲಿಲ್ಲ. ಆ ಶಾಟ್ ತೆಗೆದರೆ ಸಿನಿಮಾವೂ ಇರುವುದಿಲ್ಲ.

ಸಿನಿಮಾದ ಕಥೆ ಅಷ್ಟೇನೂ ದೊಡ್ಡದಲ್ಲ. ಹ್ಯೂಸ್ಟನ್ನಿನಲ್ಲಿ ಒಬ್ಬಂಟಿಯಾಗಿ ಬದುಕಿದ್ದ ಭಾರತದ ಮುದುಕನೊಬ್ಬ ಸಾಯುತ್ತಾನೆ. ಅವನ ಮಕ್ಕಳು ಬರುವವರೆಗೆ ಪಕ್ಕದ ಮನೆಯ ಚೀನೀ ಮುದುಕಿ ಹೆಣದ ಪಕ್ಕ ಕೂತಿರುತ್ತಾಳೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ, ಈಗ ಅದರ ಅಗತ್ಯವೂ ಇಲ್ಲ. ಹೆಣವಾಗಿ ಮಲಗಿದ್ದು ಗಿರಿಧರ್. ಧಾರವಾಡದ ಕಡೆಯವನು, ತೈಲ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತನಾದವನು, ಈ ಊರಿನಲ್ಲಿ ಶೆನ್‌ಗೆ ಇದ್ದ ಒಬ್ಬನೇ ಗೆಳೆಯ. ಬೇರೆ ಎಲ್ಲರೂ ಅವನನ್ನು ಮಿಸ್ಟರ್ ಶೇನ್ ಎಂದೋ, ಮಕ್ಕಳಾದರೆ ವಿಡಿಯೋ ಅಂಕಲ್ ಎಂದೋ ಕರೆಯುತ್ತಿದ್ದರು. ಗಿರಿಧರ್ ಮಾತ್ರ, ಚೀನಾದ ನಿನ್ನ ಊರಿನ ಸ್ಟುಡಿಯೋದಲ್ಲಿ ನಿನ್ನನ್ನು ಏನೆಂದು ಕರೀತಿದ್ರು ಅಂತ ಕೇಳಿ ತಿಳಿದುಕೊಂಡು, ಅಂದಿನಿಂದ ಶೆನ್ ದಾವ್, ನಿರ್ದೇಶಕ ಶೆನ್, ಎಂದೇ ಕರೆದ. ಹಿಲ್‌ಕ್ರಾಫ್ಟ್ ರಸ್ತೆಯ ಹೋಟೆಲಿನಲ್ಲಿ ದೋಸೆ ತಿನ್ನುವಾಗ ಎದ್ದು ನಿಂತು, ಇಡೀ ಹೋಟೆಲಿಗೆ ಕೇಳುವಂತೆ, "ಶೆನ್ ದಾವ್‌ಗೆ ಇನ್ನೊಂದು ಚಟ್ನಿ ತರ್ರಿ" ಎಂದು ಕೂಗುತ್ತಿದ್ದ. ಆಗ ಶೆನ್‌ಗೆ ಮುಜುಗರವೂ ಆಗುತ್ತಿತ್ತು, ಎದೆಯೂ ಉಬ್ಬುತ್ತಿತ್ತು. ಹೋದ ವಾರ ಡಲ್ಲಾಸಿನ ಲಾಸ್ ಕೊಲಿನಾಸ್‌ನಲ್ಲಿ ಕಂಪನಿಯೊಂದರ ಪ್ರಚಾರದ ವಿಡಿಯೋ ಮಾಡಲು ಹೋದಾಗ, ಗಾಜಿನ ಬಾಗಿಲಲ್ಲಿ ಕೂತಿದ್ದ ಹುಡುಗಿ ಅವನ ಕೈಯ ಚೀಲ ನೋಡಿ, ಊಟ ತಂದುಕೊಡುವವರು ಹಿಂದಿನ ಬಾಗಿಲಿಂದ ಬರಬೇಕು ಎಂದಳು. ಅವನು ಕಟ್ಟಡ ಸುತ್ತಿ ಹಿಂದಿನ ಬಾಗಿಲಿಗೇ ಹೋದ. ಕಾಯುತ್ತಾ ನಿಂತಿದ್ದಾಗ, ಗಿರಿಧರ್ ಇದ್ದಿದ್ದರೆ ಇದನ್ನು ಅವನಿಗೆ ಹೇಳಿ ನಗಬಹುದಿತ್ತು ಎನ್ನಿಸಿತು. ಹೇಳುವವರಿಲ್ಲದಿದ್ದರೆ ಅವಮಾನ ಅವಮಾನವಾಗಿಯೇ ಉಳಿದುಬಿಡುತ್ತದೆ.

ಹೆಣವಾಗಲು ಗಿರಿಧರ್ ಕೇಳಿದ ಕೂಡಲೇ ಒಪ್ಪಿದ್ದ. ಒಪ್ಪದೇ ಇದ್ದವಳು ಅವನ ಹೆಂಡತಿ ಅನಸೂಯಾ. ಅವಳು ಇಂಗ್ಲಿಷ್ ಮಾತಾಡಿದರೂ ಅದು ಧಾರವಾಡದ ದಾರಿ ಹಿಡಿದೇ ಬರುತ್ತಿತ್ತು. "ಜೀವಂತ ಇರೋ ಮನಶಾನ ಫೋಟೋಕ್ಕ ಸೈತ ನಾವು ಹಾರ ಹಾಕೂದಿಲ್ಲ. ನೀವು ಮೂಗಿನ್ಯಾಗ ಹತ್ತಿ ಇಟ್ಟು ಮಲಗಸ್ತೀನಿ ಅಂತೀರಲ್ಲ!" ಆಗ ಶೆನ್ ಅವಳ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ತನ್ನ ಕಡೆಯ ಪದ್ಧತಿಯನ್ನು ಹೇಳಿದ್ದ. ನಮ್ಮಲ್ಲಿ ಸತ್ತವನ ಪಾತ್ರ ಮಾಡಿದವನು ಕ್ಯಾಮೆರಾ ನಿಲ್ಲುವ ಮುನ್ನ ಕಣ್ಣು ಬಿಟ್ಟು ಅದನ್ನೇ ನೋಡಿ ನಗಬೇಕು. ನಾನು ಸತ್ತಿಲ್ಲ, ಇದು ಆಟ ಎಂದು ಅವನೇ ಹೇಳಿದ ಹಾಗೆ. ಕೆಟ್ಟದ್ದು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಶೀಆನ್‌ನ ಸ್ಟುಡಿಯೋದಲ್ಲಿ ನಾನು ಹುಡುಗನಾಗಿದ್ದಾಗ ಲಾವ್ ಮಾ ಎಂಬ ಮುದುಕ ಕ್ಯಾಮೆರಾಮನ್ ಇದ್ದ. ಫಿಲ್ಮಿನ ಒಂದೊಂದು ಅಡಿಗೂ ಮೇಲಿನವರಿಗೆ ಉತ್ತರ ಕೊಡಬೇಕಾಗಿದ್ದ ಕಾಲ ಅದು. ಆದರೂ ಯುದ್ಧದ ದೃಶ್ಯದಲ್ಲಿ ಹೆಣವಾಗಿ ಬಿದ್ದ ಒಬ್ಬೊಬ್ಬ ಎಕ್ಸ್‌ಟ್ರಾ ನಗುವವರೆಗೆ ಅವನು ಕ್ಯಾಮೆರಾ ನಿಲ್ಲಿಸುತ್ತಿರಲಿಲ್ಲ. ಒಬ್ಬನಿಗೆ ನಗು ಬಾರದಿದ್ದಾಗ ಲಾವ್ ಮಾ ಕ್ಯಾಮೆರಾ ಹಿಂದಿನಿಂದಲೇ ಕೋತಿಯ ಹಾಗೆ ಹಲ್ಲು ಕಿರಿದಿದ್ದ. ಹೇಳುತ್ತ ಹೇಳುತ್ತ ಶೆನ್‌ಗೆ ತನ್ನ ಜನರ ಮೇಲೆ, ಅವರ ಹಳೆಯ ಬುದ್ಧಿಯ ಮೇಲೆ ಅಭಿಮಾನ ಉಕ್ಕಿತ್ತು. ಸಾವಿರಾರು ವರ್ಷದಿಂದ ಬಂದದ್ದು ಎಂದೂ ಸೇರಿಸಿಬಿಟ್ಟ. ಕ್ಯಾಮೆರಾಕ್ಕೆ ಅಷ್ಟು ವಯಸ್ಸಾಗಿಲ್ಲ ಎಂದು ಗಿರಿಧರ್ ಕಣ್ಣು ಮಿಟುಕಿಸಿದ. ಅನಸೂಯಾ ಮಾತ್ರ ನಗಲಿಲ್ಲ. ಪೂರ್ತಿ ಕೇಳಿಸಿಕೊಂಡು, "ನಗೂದು ತಪ್ಪಬಾರದು ಮತ್ತ" ಎಂದಳು. ತಪ್ಪುವುದಿಲ್ಲ ಎಂದು ಶೆನ್ ಎದೆಯ ಮೇಲೆ ಕೈಯಿಟ್ಟು ಹೇಳಿದ್ದ.

ಮಾರ್ಚಿನಲ್ಲಿ, ಗಿರಿಧರನ ಮನೆಯ ಹಾಲಿನಲ್ಲೇ ಶೂಟಿಂಗ್ ಶುರುವಾಯಿತು. ಮೊದಲ ದಿನ ಶೆನ್ ಕ್ಯಾಮೆರಾದ ಮೇಲೆ ಕೆಂಪು ಬಟ್ಟೆ ಹೊದಿಸಿ, ನಾಲ್ಕು ದಿಕ್ಕಿಗೂ ಊದುಬತ್ತಿ ಹಿಡಿದು ತಲೆಬಾಗಿದ. ಗಿರಿಧರ್ ನಮ್ಮ ಸಿನಿಮಾದವರ ಮುಹೂರ್ತವೂ ಹೀಗೇ ಎಂದು ಸಡಗರದಿಂದ ತೆಂಗಿನಕಾಯಿ ಒಡೆದ. ಹೊಗೆಗೆ ಸೂರಿನ ಅಲಾರಂ ಕಿರುಚಿಕೊಂಡು, ಸೌಂಡ್ ಮಾಡಲು ಬಂದಿದ್ದ ಅಮೆರಿಕನ್ ಹುಡುಗರಿಬ್ಬರು ಕಿವಿ ಮುಚ್ಚಿಕೊಂಡು ಬಿದ್ದು ಬಿದ್ದು ನಕ್ಕರು. ಆ ನಗು ಶೆನ್‌ಗೆ ಒಳಗೆಲ್ಲೋ ಮುಳ್ಳಿನ ಹಾಗೆ ನೆಟ್ಟಿತು. ಹೆಣದ ಶಾಟ್ ತೆಗೆದದ್ದು ಅದರ ಮಾರನೆಯ ದಿನ. ಕಿಟಕಿಯಿಂದ ಬಿದ್ದ ಬೆಳಕು ನಿಧಾನವಾಗಿ ಸರಿದು ಗಿರಿಧರನ ಹಣೆಗೆ ಬಂದಿತ್ತು. ಮುದುಕಿ ಕೂತಿದ್ದಳು. ಆಗ ಎಲ್ಲಿಂದಲೋ ಒಂದು ನೊಣ ಬಂದು ಗಿರಿಧರನ ತುಟಿಯ ಮೇಲೆ ಕೂತಿತು. ನಡೆಯಿತು. ಮೇಲಿನ ತುಟಿಯಿಂದ ಮೀಸೆಗೆ, ಮೀಸೆಯಿಂದ ಹತ್ತಿಗೆ. ಗಿರಿಧರ್ ಅಲುಗಲಿಲ್ಲ, ರೆಪ್ಪೆಯೂ ಅದುರಲಿಲ್ಲ. ಮುದುಕಿ ಕೈ ಎತ್ತಿದಳು, ಪರ ಗಂಡಸಿನ ಮುಖ ಮುಟ್ಟಬೇಕೋ ಬೇಡವೋ ಎಂದು ತಡೆದಳು, ಕೈ ಇಳಿಸಿದಳು. ಯಾರೂ ಬರೆದುಕೊಟ್ಟದ್ದಲ್ಲ ಅದು. ಶೆನ್‌ನ ಮೈ ಜುಮ್ಮೆಂದಿತು. ಇದಕ್ಕಾಗಿಯೇ ತಾನು ಇಷ್ಟು ವರ್ಷ ಕಂಡವರ ಮದುವೆಗಳಲ್ಲಿ ಬಾಗಿ ನಿಂತದ್ದು ಎನ್ನಿಸಿತು. ಕಟ್ ಎಂದು ಕೂಗಿ, ಓಡಿಹೋಗಿ ಹೆಣವನ್ನು ತಬ್ಬಿಕೊಂಡು ಅತ್ತುಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಗಿರಿಧರ್ ಎದ್ದು ಕೂತು, ಮೂಗಿನ ಹತ್ತಿ ತೆಗೆದು, "ಹೆಂಗಿತ್ತು ಶೆನ್ ದಾವ್?" ಎಂದ.

ನಗಿಸಬೇಕೆಂಬುದು ನೆನಪಾಗದೆ ಇರಲಿಲ್ಲ. ಅದೇ ಈಗ ಹೆದ್ದಾರಿಯ ಉದ್ದಕ್ಕೂ ಚುಚ್ಚುತ್ತಿದ್ದದ್ದು. ಮರೆತಿದ್ದರೆ ಒಂದು ಮಾತು. ಗಿರಿಧರ್ ಕೈ ತೊಳೆಯಲು ಹೋಗುವ ಮೊದಲೇ ನೆನಪಾಗಿತ್ತು. ಮತ್ತೆ ಮಲಗು, ಕಣ್ಣು ಬಿಟ್ಟು ನಗು ಎಂದರೆ ಮುಗಿಯುತ್ತಿತ್ತು. ಆದರೆ ಆ ಹುಡುಗರಿಬ್ಬರು ತಂತಿ ಸುತ್ತುತ್ತಾ, ಇಂಥ ಶಾಟ್ ತಾವು ಎಲ್ಲೂ ನೋಡಿಲ್ಲ ಎಂದು ಅವನ ಮುಖವನ್ನೇ ನೋಡುತ್ತಿದ್ದರು. ಟೆಕ್ಸಸ್ಸಿನಲ್ಲಿ ಯಾರಾದರೂ ಅವನನ್ನು ಹಾಗೆ ನೋಡಿದ್ದು ಅದೇ ಮೊದಲು. ಅವರ ಮುಂದೆ ಮತ್ತೆ ಊದುಬತ್ತಿಯ ಮುದುಕನಾಗಲು ಮನಸ್ಸು ಬರಲಿಲ್ಲ. ನಾಳೆ ನಗಿಸಿದರಾಯಿತು ಎಂದುಕೊಂಡ, ನಾಳೆ ಎಂಬುದು ಗೋಡೆಗೆ ಬರೆದ ಮಾತಾಯಿತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಮೇ ತಿಂಗಳಲ್ಲಿ ಗಿರಿಧರ್ ಬೆಳಗಿನ ವಾಕಿಂಗ್‌ಗೆ ಹೋದವನು ಪಕ್ಕದ ಬೀದಿಯ ಹುಲ್ಲಿನ ಮೇಲೆ ಬಿದ್ದು ಸತ್ತ. ಹೃದಯಾಘಾತ ಎಂದರು. ಅರವತ್ತೊಂಬತ್ತು ವರ್ಷ, ಸಕ್ಕರೆ ಕಾಯಿಲೆ, ಹಿಂದೆ ಎರಡು ಸ್ಟೆಂಟ್. ನಗದೇ ಇದ್ದದ್ದಕ್ಕೂ ಇದಕ್ಕೂ ಏನು ಸಂಬಂಧ ಎಂದು ಶೆನ್ ತನ್ನನ್ನು ತಾನೇ ಗದರಿಸಿಕೊಂಡ. ಸಂಬಂಧ ಇಲ್ಲ ಎಂದು ಗೊತ್ತಿದ್ದೂ ಹೆದರುವವನಿಗೆ ಯಾವ ಡಾಕ್ಟರೂ ಔಷಧಿ ಕೊಡಲಾರ.

ಅಂತ್ಯಸಂಸ್ಕಾರದ ದಿನ ಹಂಸಾಳ ಗಂಡ ಸುಹಾಸ್ ಅವನ ಬಳಿ ಬಂದು ಮೆಲ್ಲಗೆ, "ನೀವು ಹೇಗೂ ಬಂದಿದ್ದೀರಲ್ಲ, ಊರಲ್ಲಿರೋರಿಗೆ ಲೈವ್ ಮಾಡ್ಬಿಡ್ತೀರಾ?" ಎಂದಿದ್ದ. ಗೆಳೆಯನೆಂದು ಕಪ್ಪು ಕೋಟು ತೊಟ್ಟು ಬಂದಿದ್ದವನು ಕೋಟು ಕಳಚಿಟ್ಟು, ಕಾರಿನಿಂದ ಟ್ರೈಪಾಡ್ ತಂದ. ಚೌಕಟ್ಟಿನಲ್ಲಿ ಗಿರಿಧರ್ ಮಲಗಿದ್ದ. ಬೆಳಕು ಸರಿಯಿಲ್ಲ ಎಂದು ಅವನ ಕಣ್ಣು ತಾನಾಗಿ ಹೇಳಿತು. ಮುಖಕ್ಕೆ ಹಚ್ಚಿದ ಬಣ್ಣ ಹೆಚ್ಚಾಗಿದೆ, ಮಾರ್ಚಿನಲ್ಲೇ ಹೆಚ್ಚು ಹೆಣದ ಹಾಗಿದ್ದ ಎಂದೂ ಹೇಳಿತು. ಆ ಕಣ್ಣನ್ನು ಕಿತ್ತು ಬಿಸಾಡಬೇಕೆನಿಸಿತು. ಮಂತ್ರ ಮುಗಿಯಿತು, ಜನ ಒಬ್ಬೊಬ್ಬರಾಗಿ ಹೊರಟರು, ಶೆನ್ ಕ್ಯಾಮೆರಾ ನಿಲ್ಲಿಸಲಿಲ್ಲ. ಸುಮ್ಮನೆ ಅದರ ಹಿಂದೆ ನಿಂತಿದ್ದ. ಅಲ್ಲಿನ ಸಿಬ್ಬಂದಿಯವನೊಬ್ಬ ಬಂದು ಹೆಗಲು ಮುಟ್ಟಿ, ಮುಗಿಯಿತಲ್ಲ ಸರ್ ಎಂದಾಗ ಮಾತ್ರ, ತಾನು ಏನನ್ನು ಕಾಯುತ್ತಿದ್ದೆ ಎಂದು ಹೊಳೆಯಿತು.

ಹಂಸಾಳ ಮನೆಯ ಬಾಗಿಲು ತೆರೆದದ್ದು ಸುಹಾಸ್, ಕಿವಿಯಲ್ಲಿ ಆಫೀಸಿನ ಮೀಟಿಂಗ್ ಇಟ್ಟುಕೊಂಡೇ. "ಬನ್ನಿ ಬನ್ನಿ. ಹಾಂ, ಮರೆಯೋ ಮುಂಚೆ, ನಮ್ಮ ಫ್ರೆಂಡ್ ಮನೆ ಗೃಹಪ್ರವೇಶ ಇದೆ. ನಿಮ್ಮ ಹತ್ರ ಡ್ರೋನ್ ಇದೆಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೆಟ್ಟಿಲು ಹತ್ತಿ ಹೋದ. ಹಾಲಿನ ಗೋಡೆಯ ಮೇಲೆ ಗಿರಿಧರನ ಫೋಟೋ ಇತ್ತು, ಅದಕ್ಕೆ ಗಂಧದ ಹಾರವಿತ್ತು. ಈಗ ಹಾಕಬಹುದು, ಈಗ ಅಡ್ಡಿಯಿಲ್ಲ. ಅನಸೂಯಾ ಸೋಫಾದ ತುದಿಯಲ್ಲಿ ಕೂತಿದ್ದಳು. ಐದು ತಿಂಗಳಲ್ಲಿ ಅವಳು ಕುಗ್ಗಿಹೋಗಿದ್ದಳು, ತೊಟ್ಟಿದ್ದ ಮಗಳ ಸ್ವೆಟರಿನ ತೋಳು ಸಡಿಲವಾಗಿ ಮಡಚಿಕೊಂಡಿತ್ತು. "ಆರಾಮ ಇದ್ದೀರೇನ್ರಿ?" ಎಂದಳು. ಹಂಸಾ ಅಮ್ಮನ ಕಡೆ ನೋಡದೆ ನಡುವೆ ಜಾಗ ಬಿಟ್ಟು ಕೂತಳು. ಆ ಜಾಗ ನೋಡಿದ ಕೂಡಲೇ ಶೆನ್‌ಗೆ ಮನೆಯೊಳಗಿನ ಸಂಗತಿ ಅರ್ಥವಾಯಿತು. ಮದುವೆಮನೆಗಳಲ್ಲಿ ಯಾರು ಯಾರ ಮೇಲೆ ಮುನಿದಿದ್ದಾರೆ ಎಂದು ಕೂತ ರೀತಿಯಲ್ಲೇ ತಿಳಿದು, ಅವರನ್ನು ಒಂದೇ ಚೌಕಟ್ಟಿನಲ್ಲಿ ತೋರಿಸದೆ ಜಾಣತನ ಮಾಡುವುದು ಅವನ ಕಸುಬು.

ಮಾತೂ ಅವನಿಗೆ ಅರ್ಧಕ್ಕರ್ಧ ತಿಳಿಯುತ್ತಿತ್ತು. ಇಷ್ಟು ವರ್ಷ ಕನ್ನಡದವರ ಸಮಾರಂಭಗಳ ಧ್ವನಿಯನ್ನು ಕತ್ತರಿಸಿ ಜೋಡಿಸಿದ ಕಿವಿ ಅದು. ಯಾರಿಗೂ ಅದು ಗೊತ್ತಿರಲಿಲ್ಲ, ವಿಡಿಯೋದವನ ಮುಂದೆ ಯಾರೂ ದನಿ ತಗ್ಗಿಸುವುದಿಲ್ಲ. "ನೀನು ಹೇಗೆ ಒಪ್ಪಿದೆ ಅಮ್ಮಾ, ನಂಗೆ ಇವತ್ತಿಗೂ ಅರ್ಥ ಆಗಲ್ಲ," ಎಂದಳು ಹಂಸಾ. "ಅಪ್ಪನ್ನ ಹೆಣದ ಹಾಗೆ ಮಲಗಿಸ್ತಾರೆ ಅಂದ್ರೆ, ಯು ಜಸ್ಟ್ ಸ್ಟುಡ್ ದೇರ್?"

"ಎಷ್ಟ ಸಲ ಹೇಳ್ಲಿ ಹಂಸಾ? ನಗಬೇಕು ಅಂತ ಅವರಲ್ಲೆ ಪದ್ಧತಿ ಐತಿ. ಅಪ್ಪ ನಕ್ಕಾರ. ಅದಕ್ಕ ಒಪ್ಪಿದೆ."

"ನಕ್ಕಿದ್ರೆ ನೋಡೋಣ," ಎಂದು ಹಂಸಾ ಲ್ಯಾಪ್‌ಟಾಪಿನ ಕಡೆ ತಿರುಗಿದಳು.

ಶೆನ್ ತೆರೆದ. ಆ ನಗು ನಾಲ್ಕು ವರ್ಷದ ಹಿಂದಿನದು. ಹಂಸಾಳ ಮಗಳು ಸಿಯಾಳ ನಾಮಕರಣದ ದಿನ, ಊಟವಾದ ಮೇಲೆ, ಗಿರಿಧರ್ ಬಿಳಿಯ ಜಮಖಾನದ ಮೇಲೆ ಅಂಗಾತ ಬಿದ್ದುಕೊಂಡು ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡಿದ್ದ. ಮಗು ಮುಷ್ಟಿಯಿಂದ ಅವನ ಕೆನ್ನೆ ಒತ್ತಿತ್ತು, ಅವನು ಕಣ್ಣು ಬಿಟ್ಟು ನಕ್ಕಿದ್ದ. ಬಳಸದೆ ಬಿಟ್ಟ ತುಣುಕು ಅದು, ಕುಟುಂಬಕ್ಕೆ ಕೊಟ್ಟ ವಿಡಿಯೋದಲ್ಲಿ ಇರಲಿಲ್ಲ. ಶೆನ್ ಮಗುವನ್ನು ಅಳಿಸಿದ್ದ. ಜಮಖಾನವನ್ನು ಹೆಣದ ಬಿಳಿ ಬಟ್ಟೆ ಮಾಡಿದ್ದ, ಮೂಗಿಗೆ ಹತ್ತಿ ಇಟ್ಟು ಮೀಸೆಗೆ ನಾಲ್ಕು ವರ್ಷದ ನರೆ ಕೊಟ್ಟಿದ್ದ, ಮಾರ್ಚಿನ ಬೆಳಕನ್ನು ಹಣೆಯ ಮೇಲೆ ಹಾಸಿದ್ದ. ಬದುಕಿನಲ್ಲಿ ಇಷ್ಟು ಅಚ್ಚುಕಟ್ಟಾದ ಕೆಲಸ ಅವನು ಮಾಡಿರಲಿಲ್ಲ. ಈಗ ಪರದೆಯ ಮೇಲೆ ಗಿರಿಧರ್ ಮಲಗಿದ್ದ, ಕಣ್ಣು ಬಿಟ್ಟ, ನಕ್ಕ. ಹಂಸಾ ಬಾಯಿಗೆ ಕೈ ಒತ್ತಿಕೊಂಡಳು. ಅವಳ ಭುಜ ಅಲುಗತೊಡಗಿತು. ಇನ್ನೊಂದು ಸಲ ಎಂದಳು. ಇನ್ನೊಂದು ಸಲ. ಮೂರನೆಯ ಸಲ ಅನಸೂಯಾ ಮುಂದೆ ಬಾಗಿ ಪರದೆಯ ಮೇಲೆ ಬೆರಳಿಟ್ಟಳು. ಗಂಡನ ಮುಖ ಸವರುತ್ತಾಳೆ ಎಂದುಕೊಂಡ ಶೆನ್. ಅವಳು ಸವರಲಿಲ್ಲ. ಬೆರಳು ಎಡಗೆನ್ನೆಯ ಒಂದು ಕಡೆ ನಿಂತಿತು. ಅಲ್ಲಿ ಒಂದು ಸಣ್ಣ ಗುಳಿ ಇತ್ತು. ಮಗುವಿನ ಮುಷ್ಟಿಯನ್ನು ಅಳಿಸಿದ್ದ ಅವನು, ಮುಷ್ಟಿ ಒತ್ತಿದ ಗುಳಿಯನ್ನು ಮರೆತಿದ್ದ. ಅನಸೂಯಾ ಬೆರಳು ತೆಗೆದು ಮಗಳ ಕಡೆ ತಿರುಗಿ ಹೇಳಿದಳು:

"ನೋಡವಾ. ಇದ ನಗಿ. ಹೇಳಿದ್ದಿಲ್ಲೇನ ನಾ?"

ಹಂಸಾ ನಡುವಿನ ಜಾಗ ದಾಟಿ ಬಂದು ಅಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತಳು. "ಸಾರಿ ಅಮ್ಮಾ, ಸಾರಿ" ಎನ್ನುತ್ತಿದ್ದಳು. ಅನಸೂಯಾ ಅವಳ ತಲೆ ಸವರುತ್ತಾ ಗೋಡೆ ನೋಡುತ್ತಿದ್ದಳು. ಶೆನ್‌ಗೆ ಏಳಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಹಂಸಾ ಮುಖ ತೊಳೆದು ಚಹಾ ತರುತ್ತೇನೆಂದು ಒಳಗೆ ಹೋದ ಮೇಲೆ ಅನಸೂಯಾ ದನಿ ಏರಿಸದೆ, ಹವೆಯ ಬಗ್ಗೆ ಮಾತಾಡುವ ಹಾಗೆ ಹೇಳಿದಳು. "ಅವತ್ತು ನಾ ಅಡಿಗಿಮನಿ ಬಾಗಿಲದಾಗ ನಿಂತಿದ್ದೆ. ಚಿತ್ರಾನ್ನ ಕೈಯಾಗ ಹಿಡಕೊಂಡು. ಈಗ ನಗತಾರ, ಈಗ ನಗತಾರ ಅಂತ ನೋಡಿದ್ದ ನೋಡಿದ್ದು. ನೀವು ಅವರನ್ನ ತಬ್ಬಿಕೊಂಡು ಅತ್ರಿ."

"ಯಾಕೆ ಆಗಲೇ ಹೇಳಲಿಲ್ಲ?" ಎಂಬುದು ಅವನ ಬಾಯಿಂದ ಹೊರಬಿದ್ದೇ ಬಿಟ್ಟಿತು. ಕೇಳಬಾರದಿತ್ತು.

"ಅಷ್ಟು ಮಂದಿ ಚಪ್ಪಾಳಿ ಹೊಡಿಲಿಕ್ಕತ್ತಿದ್ರು. ನಡುವ ನಾ ಏನಂತ ಬರಲಿ? ನಂಗೂ ನಾಚಿಕಿ ಬಂತು." ಸ್ವೆಟರಿನ ತೋಳು ಸರಿಸಿಕೊಳ್ಳುತ್ತಾ, "ಒಂದು ಕೇಳ್ಲ್ಯಾ? ನಿಮ್ಮಲ್ಲೆ ಖರೇನ ಐತೇನು ಆ ಪದ್ಧತಿ? ಏನ ಅವರು ಮಲಗಲಿ ಅಂತ ಅವತ್ತ ಕಟ್ಟಿ ಹೇಳಿದ್ರಿ?"

ಲಾಸ್ ಕೊಲಿನಾಸ್‌ನ ಹಿಂದಿನ ಬಾಗಿಲು ಇದರ ಮುಂದೆ ಏನೂ ಅಲ್ಲ. ಇದೆ, ನಿಜವಾಗಿಯೂ ಇದೆ ಎಂದ ಶೆನ್. ಲಾವ್ ಮಾನ ಹೆಸರು ಹೇಳಿದ, ಸ್ಟುಡಿಯೋದ ಹೆಸರು ಹೇಳಿದ, ಕೋತಿಯ ಹಾಗೆ ಹಲ್ಲು ಕಿರಿದದ್ದನ್ನೂ ಹೇಳಿದ. ಹೇಳಿದಷ್ಟೂ ಎಲ್ಲ ಆಗಷ್ಟೇ ಹೆಣೆದ ಕಟ್ಟುಕಥೆಯ ಹಾಗೆ ಕೇಳುತ್ತಿತ್ತು. ಅವನ ಮೇಜಿನ ಮೇಲೆ ಹುಟ್ಟಿದ ಸುಳ್ಳು ನಗು ಈ ಮನೆಯಲ್ಲಿ ನಿಜವಾಗಿ ನಿಂತಿತ್ತು. ನಿಜವಾದ ಲಾವ್ ಮಾ, ಅವನ ತಣ್ಣನೆಯ ಸ್ಟುಡಿಯೋ, ನಕ್ಕು ಮೇಲೆದ್ದು ಮೈಯ ಧೂಳು ಕೊಡವಿಕೊಂಡ ಆ ಹೆಣಗಳು, ಎಲ್ಲ ಸುಳ್ಳಾಗಿದ್ದವು. ಅನಸೂಯಾ ಪೂರ್ತಿ ಕೇಳಿಸಿಕೊಂಡು, ಅಂದು ಅಡುಗೆಮನೆಯಲ್ಲಿ ಕೇಳಿಸಿಕೊಂಡಷ್ಟೇ ಗಂಭೀರವಾಗಿ, "ಇರಲಿ ಬಿಡ್ರಿ" ಎಂದಳು.

ಚಹಾ ತಂದ ಹಂಸಾಳ ಮುಖ ಹಗುರವಾಗಿತ್ತು. ಶಾಟ್ ಇರಲಿ, ತನ್ನ ಅಭ್ಯಂತರವಿಲ್ಲ ಎಂದಳು. ಶೆನ್‌ನ ಎದೆಯಿಂದ ಭಾರ ಇಳಿಯುವಷ್ಟರಲ್ಲಿ, "ಆದ್ರೆ ಒಂದು. ಆ ನಗುನೂ ಸಿನಿಮಾದಲ್ಲಿ ಇರ್ಬೇಕು. ಆ ಶಾಟ್ ಮುಗಿದ ತಕ್ಷಣ," ಎಂದಳು. "ಅದೇ ನಿಮ್ಮ ಕಲ್ಚರ್ ಅಲ್ವಾ? ಎಷ್ಟು ಬ್ಯೂಟಿಫುಲ್ ಆಗಿದೆ. ಜನಕ್ಕೂ ಗೊತ್ತಾಗ್ಲಿ, ನಮ್ಮಪ್ಪ ಹೆಣವಾಗಿ ಉಳೀಲಿಲ್ಲ ಅಂತ."

ಅವನಿಗೆ ಕೂಗಬೇಕೆನಿಸಿತು. ಆ ಶಾಟ್ ನೊಣದಿಂದ ಶುರುವಾಗಿ ಇಳಿದ ಕೈಯಲ್ಲಿ ಮುಗಿಯಬೇಕು, ಆಮೇಲೆ ಕತ್ತಲೆ, ಬೇರೇನೂ ಇಲ್ಲ. ಅದರ ಬಾಲಕ್ಕೆ ನಗು ಕಟ್ಟಿದರೆ ಅದು ತಮಾಷೆಯಾಗುತ್ತದೆ, ಜನ ನಗುತ್ತಾರೆ, ಇಷ್ಟು ವರ್ಷ ಕಾದದ್ದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ ಆಗುತ್ತದೆ. ಅವನು ಅನಸೂಯಾಳ ಕಡೆ ನೋಡಿದ. ಈ ಕೋಣೆಯಲ್ಲಿ ಅವನನ್ನು ಬಿಡಿಸಬಲ್ಲವಳು ಅವಳೊಬ್ಬಳೇ. ಬೇಡ ಬಿಡವಾ ಎಂದು ಒಂದು ಮಾತು ಅಂದರೆ ಸಾಕಿತ್ತು. ಅವಳು ಮಗಳ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಐದು ತಿಂಗಳ ಮೇಲೆ ಸಿಕ್ಕ ಕೈ ಅದು.

"ಹಾಕ್ರಿ," ಎಂದಳು.

ಆಗಲಿ ಎಂದ ಶೆನ್. ನಾಳೆ ನೀವೂ ಬರುತ್ತೀರಲ್ಲವೇ ಎಂದು ಹೊರಡುವಾಗ ಬಾಗಿಲಲ್ಲಿ ಉಪಚಾರಕ್ಕೆಂದು ಕೇಳಿದ. ಹಂಸಾ ಎಲ್ಲರೂ ಬರುತ್ತೇವೆ ಎಂದಳು. ಅನಸೂಯಾ, "ನಂಗ ಮಂಡಿನೋವು. ನೀವು ಹೋಗಿ ಬರ್ರಿ" ಎಂದು ಮಗಳಿಗೆ ಹೇಳಿ, ಅವನಿಗೆ ಕೈಮುಗಿದು ಒಳಗೆ ಹೋದಳು.

ಹೆದ್ದಾರಿ ಸೇರುವ ಮೊದಲು ಅಂಗಡಿಯೊಂದರ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ, ಲ್ಯಾಪ್‌ಟಾಪನ್ನು ಮೊಣಕಾಲ ಮೇಲಿಟ್ಟುಕೊಂಡ. ಹೊಸ ಪ್ರತಿಯನ್ನು ಇಂದೇ ಕಳಿಸಬೇಕಿತ್ತು. ಬಿಸಿಲು ಪರದೆಯ ಮೇಲೆ ಬಿದ್ದು ಅವನ ಮುಖವೇ ಕಾಣುತ್ತಿದ್ದುದರಿಂದ ಕೋಟನ್ನು ತಲೆಯ ಮೇಲೆ ಹೊದ್ದು, ಹಳೆಯ ಕಾಲದ ಫೋಟೋಗ್ರಾಫರನ ಹಾಗೆ ಒಳಗೆ ಬಾಗಿದ. ನೊಣ ಬಂತು, ನಡೆಯಿತು. ಮುದುಕಿ ಕೈ ಎತ್ತಿದಳು, ಇಳಿಸಿದಳು. ಅಲ್ಲಿಗೆ ನಗುವನ್ನು ತಂದು ಜೋಡಿಸಿದ. ಹೊರಗೆ ಯಾವುದೋ ಹೆಂಗಸು ತಳ್ಳುಗಾಡಿಯ ಸದ್ದು ಮಾಡುತ್ತಾ ಹೋದಳು. ಓಡಿಸಿ ನೋಡಿದಾಗ ಒಂದು ಚಿತ್ರ ಮೆಲ್ಲಗೆ ಕರಗಿ ಇನ್ನೊಂದಾಯಿತು, ಸಾವು ಕರಗಿ ನಗುವಾಯಿತು. ಹಾರ ಬದಲಿಸುವ ವಧೂವರರು ಕರಗಿ ಊಟದ ಪಂಕ್ತಿಯಾಗಲು ಅವನು ಎಲ್ಲ ಮದುವೆಗಳಲ್ಲೂ ಹಾಕುವ ಜೋಡಣೆ ಅದು. ಹಾಕೆಂದು ಅವನು ಹೇಳಿರಲಿಲ್ಲ. ಕೈ ತಾನಾಗಿ ಹಾಕಿತ್ತು. ತೆಗೆಯಲೆಂದು ಬೆರಳು ಚಾಚಿದ. ಕೆನ್ನೆಯ ಗುಳಿಯನ್ನಾದರೂ ಸರಿಮಾಡಬೇಕೆಂದುಕೊಂಡ. ಎರಡನ್ನೂ ಮಾಡಲಿಲ್ಲ, ಕೋಟಿನ ಕತ್ತಲೆಯೊಳಗೆ ಮತ್ತೊಮ್ಮೆ ಓಡಿಸಿ, ಅಲ್ಲಿಲ್ಲದ ಮಗುವನ್ನು ನೋಡಿ ಗಿರಿಧರ್ ನಗುವುದನ್ನು ನೋಡುತ್ತಾ ಕೂತ.